ಇಬ್ಬರು ಎಳೆಯುವಷ್ಟೇ ಭಾರದ ಹಾಯಿದೋಣಿ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವನು, ಅಡಿಕೆ ತೋಟವಿದೆ. ಹೆಂಡತಿಯ ತವರು ಕಾರವಾರದ ಸದಾಶಿವಗಡ. ಚಳಿಗಾಲದಲ್ಲಿ ಒಂದೆರಡು ತಿಂಗಳು ಅಲ್ಲೇ ಇರುತ್ತೇವೆ. ಇಂಜಿನ್ ಗಲಾಟೆ ಇಲ್ಲದೆ ಸಂಜೆ ಹೊತ್ತು ಕಾಳಿ ನದಿಯಲ್ಲಿ ಸುಮ್ನೆ ತಿರುಗಾಡಲು ಒಂದು ಸಣ್ಣ ಮರದ ಹಾಯಿದೋಣಿ ಮಾಡಿಸಬೇಕೆಂಬ ಆಸೆ. ನಮ್ಮ ಬೆಟ್ಟದಲ್ಲಿ ಗಾಳಿಗೆ ಬಿದ್ದ ಮತ್ತಿ ಮರವಿದೆ, ಅಟ್ಟದ ಮೇಲೆ ಹಳೆಯ ಸಾಗುವಾನಿ ಹಲಗೆಗಳಿವೆ. ಊರಿನ ಆಚಾರಿ ಮಾಡಿಕೊಡುತ್ತೇನೆ ಅನ್ನುತ್ತಾರೆ. ಯಾವ ಮರ ಒಳ್ಳೆಯದು? ಎಷ್ಟು ಉದ್ದ ಇರಬೇಕು? ಹಳೆಯ ಪಾತಿ ದೋಣಿ ಕೊಂಡು ಹಾಯಿ ಕಟ್ಟಿದರೆ ಆಗದೇ? ಹೆಂಡತಿಗೆ ಈಜು ಬರುವುದಿಲ್ಲ, ಕರೆದುಕೊಂಡು ಹೋಗಬಹುದೇ?

ಉತ್ತರ: ಮರದ ಮಾತಿಗೆ ಬರುವ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ತಿರುಗಾಟ ಮುಗಿದ ಮೇಲೆ ದೋಣಿಯನ್ನು ದಡಕ್ಕೆ ಎಳೆಯುವವರು ಯಾರು?

ನನ್ನ ಮೊದಲ ದೋಣಿ ಕಟ್ಟುವಾಗ ಇದನ್ನು ನನಗೆ ಯಾರೂ ಕೇಳಲಿಲ್ಲ. ಹದಿನಾಲ್ಕು ಅಡಿ ಉದ್ದ, ಮತ್ತಿಯ ಪಕ್ಕೆಲುಬು, ಸಾಗುವಾನಿ ಹಲಗೆ, ತಾಮ್ರದ ಮೊಳೆ. ನೋಡಲು ದೇವರ ಪಲ್ಲಕ್ಕಿ ಹಾಗಿತ್ತು. ನೀರಿಗೆ ಇಳಿಸಲು ನಾಲ್ಕು ಜನ ಬೇಕಾಯಿತು, ಮರಳಿ ದಡಕ್ಕೆ ತರಲು ಆರು ಜನ. ರಾಂಪಣಿ ಬಲೆ ಎಳೆಯಲು ಬಂದವರನ್ನು ಕರೆದೆ. ಮೊದಲ ದಿನ ನಗುತ್ತಾ ಬಂದರು. ನಾಲ್ಕನೆಯ ದಿನ ನನ್ನನ್ನು ಕಂಡ ಕೂಡಲೇ ಬಲೆಯ ಕಡೆ ತಿರುಗಿ ನಿಂತರು. ಒಂದು ಚಳಿಗಾಲದಲ್ಲಿ ಒಟ್ಟು ಏಳು ಸಲ ಆ ದೋಣಿ ನೀರು ಕಂಡಿತು. ಆಮೇಲೆ ತಾಡಪಾಲಿನ ಕೆಳಗೆ ಸೇರಿತು. ಪಕ್ಕದ ಮನೆಯ ಕೋಳಿ ಅದರಲ್ಲಿ ಮೊಟ್ಟೆ ಇಡುತ್ತಿತ್ತು.

ಹಾಗಾಗಿ ನನ್ನ ಉತ್ತರ ನಿಮಗೆ ಸ್ವಲ್ಪ ಬೇಸರ ತರಬಹುದು. ಸಾಗುವಾನಿ ಹಲಗೆ ಅಟ್ಟದ ಮೇಲೇ ಇರಲಿ. ಮತ್ತಿಯ ಆಸೆ ಬಿಡಿ. ಮರೈನ್ ಪ್ಲೈವುಡ್‌ನಲ್ಲಿ ಹನ್ನೆರಡು, ಹನ್ನೆರಡೂವರೆ ಅಡಿಯ ದೋಣಿ ಮಾಡಿಸಿ. "ಪ್ಲೈವುಡ್ಡಾ? ಅದು ಮರದ ದೋಣಿ ಹೇಗಾಗುತ್ತದೆ?" ಅಂತ ಕೇಳುತ್ತೀರಿ, ಗೊತ್ತು. ನಿಮ್ಮ ಆಚಾರಿ ಇನ್ನೂ ಜೋರಾಗಿ ಕೇಳುತ್ತಾರೆ.

ಲೆಕ್ಕ ನೋಡಿ. ಈ ಅಳತೆಯ ದೋಣಿಯ ಮೈ, ತಳ, ಕೂರುವ ಜಾಗ ಎಲ್ಲ ಸೇರಿ ಸುಮಾರು ಹತ್ತು ಚದರ ಮೀಟರ್. 20 ಮಿಲಿಮೀಟರ್ ದಪ್ಪದ ಸಾಗುವಾನಿ ಹಾಕಿದರೆ ಹಲಗೆಯೇ ನೂರ ಮೂವತ್ತು ಕಿಲೋ. ಪಕ್ಕೆಲುಬು, ಬೆನ್ನುಮರ, ಅಂಚುಪಟ್ಟಿ ಸೇರಿದರೆ ಇನ್ನೂರು ದಾಟುತ್ತದೆ. ಮತ್ತಿ ಅದಕ್ಕಿಂತ ಭಾರ. 6 ಮಿಲಿಮೀಟರ್ ಪ್ಲೈವುಡ್‌ನ ಎಂಟು ಅಡಿ ನಾಲ್ಕು ಅಡಿ ಶೀಟು ಹನ್ನೆರಡು ಕಿಲೋ ಆಸುಪಾಸು. ಐದು ಶೀಟು ಸಾಕು, ಅದರಲ್ಲೂ ತುಂಡು ಉಳಿಯುತ್ತದೆ. ಅಂಟು, ಪಟ್ಟಿ, ಬಣ್ಣ ಎಲ್ಲ ಸೇರಿ ಎಂಬತ್ತು ಕಿಲೋ ಒಳಗೆ ದೋಣಿ ಮುಗಿಯುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಮರದ ಎರಡು ಮೂರು ಗುಂಡು ತುಂಡು ಕೆಳಗೆ ಉರುಳು ಕೊಟ್ಟರೆ ನೀವೂ ನಿಮ್ಮ ಹೆಂಡತಿಯೂ ಇಬ್ಬರೇ ಎಳೆಯಬಹುದು.

ಭಾರ ಒಂದೇ ಕಾರಣವಲ್ಲ. ಹಲಗೆ ದೋಣಿ ದಿನಾ ನೀರಲ್ಲಿ ಇರಬೇಕಾದ ವಸ್ತು. ಮರ ನೀರು ಕುಡಿದು ಊದಿಕೊಂಡಾಗಲೇ ಹಲಗೆ ಹಲಗೆಯ ನಡುವಿನ ಸಂದು ಬಿಗಿಯಾಗಿ ಮುಚ್ಚುವುದು. ಮೀನುಗಾರರ ದೋಣಿಗೆ ಅದು ಸರಿ, ಅವರು ದಿನಾ ಹೋಗುತ್ತಾರೆ. ನಿಮ್ಮದು ವರ್ಷದಲ್ಲಿ ಹತ್ತು ತಿಂಗಳು ಒಣಗಿ ಬಿದ್ದಿರುತ್ತದೆ. ಶಿರಸಿಯ ಮಾಡಿನ ಕೆಳಗೆ ಮಾರ್ಚ್ ತಿಂಗಳಲ್ಲಿ ಒಣಗಿದ ಹಲಗೆ ಕುಗ್ಗಿ, ಸಂದಿನಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಡಿಸೆಂಬರಿನಲ್ಲಿ ನೀರಿಗೆ ಇಳಿಸಿದ ಕೂಡಲೇ ಜರಡಿ. ಪ್ಲೈವುಡ್‌ನಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಅದು ಹಾಗೆ ಕುಗ್ಗುವುದಿಲ್ಲ, ಹಿಗ್ಗುವುದಿಲ್ಲ. ಆಗೊಮ್ಮೆ ಈಗೊಮ್ಮೆ ನೀರಿಗೆ ಹೋಗುವ ದೋಣಿಗೆ ಅದೇ ಸರಿ.

ಬೆಟ್ಟದ ಮತ್ತಿಯ ಬಗ್ಗೆ ಇನ್ನೊಂದು ಮಾತು. ಸೊಪ್ಪಿನ ಬೆಟ್ಟ ಅಂದರೆ ತೋಟದ ಗೊಬ್ಬರಕ್ಕೆಂದು ಬಿಟ್ಟ ಕಾಡು, ಅಲ್ಲಿ ನಮಗಿರುವುದು ಸೊಪ್ಪು, ದರಕಿನ (ಒಣ ಎಲೆಯ) ಹಕ್ಕು. ಬಿದ್ದಿದ್ದರೂ ನಾಟಾ ಅರಣ್ಯ ಇಲಾಖೆಯದು. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ದೋಣಿ ಮಾಡಿದ್ದೇನೆ ಅಂದರೆ ಯಾರೂ ನಗುವುದಿಲ್ಲ. ಅಂಚುಪಟ್ಟಿ, ಚುಕ್ಕಾಣಿಗೆ ಬೇಕಾದ ಗಟ್ಟಿ ಮರ ಸ್ವಲ್ಪವೇ. ಅದಕ್ಕೆ ಅಟ್ಟದ ಸಾಗುವಾನಿಯಲ್ಲಿ ಒಂದು ಹಲಗೆ ಸೀಳಿದರೆ ಮುಗಿಯಿತು. ಅಷ್ಟರ ಮಟ್ಟಿಗೆ ಅಜ್ಜನ ಮರ ದೋಣಿಯಲ್ಲಿ ಇರಲಿ. ಸಾಲದಿದ್ದರೆ ದಾಂಡೇಲಿ ಡಿಪೋದ ಮರ ಕೊಂಡವರಿಂದ ರಶೀದಿ ಸಮೇತ ತನ್ನಿ. ಹೆಬ್ಬಲಸು ಸಿಕ್ಕರೆ ಇನ್ನೂ ಒಳ್ಳೆಯದು. ಪಶ್ಚಿಮ ಕರಾವಳಿಯಲ್ಲಿ ದೋಣಿಗೆಂದೇ ಹೆಸರಾದ ಮರ ಅದು.

ಕಟ್ಟುವ ಕ್ರಮ ಕೇಳಿದರೆ ಆಚಾರಿಗೆ ಸಮಾಧಾನವಾಗಬಹುದು. ನಮ್ಮ ಕರಾವಳಿಯಲ್ಲಿ ಹಿಂದೆ ದೋಣಿಗೆ ಮೊಳೆ ಹೊಡೆಯುತ್ತಿರಲಿಲ್ಲ, ಹೊಲಿಯುತ್ತಿದ್ದರು. ಹಲಗೆ ಅಂಚಿಗೆ ತೂತು ಕೊರೆದು, ತೆಂಗಿನ ನಾರಿನ ಹಗ್ಗ ಹಾಕಿ ಬಿಗಿದು, ರಾಳ ಮತ್ತು ಮೀನೆಣ್ಣೆ ಬಳಿಯುವುದು. 2025ರ ಮೇ 21ರಂದು ಇದೇ ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಹಡಗು ಆ ಕ್ರಮದಲ್ಲೇ ಹೊಲಿದದ್ದು. ಅಜಂತಾದ ಐದನೆಯ ಶತಮಾನದ ಚಿತ್ರ ನೋಡಿ ಅದರ ಆಕಾರ ಹಿಡಿದರು. ನಿಮ್ಮ ದೋಣಿಯನ್ನೂ ಹೊಲಿಯುವುದೇ. ಪ್ಲೈವುಡ್ ತುಂಡುಗಳನ್ನು ಅಳತೆಗೆ ಕೊಯ್ದು, ಅಂಚಿನಲ್ಲಿ ತೂತು ಮಾಡಿ, ತಾಮ್ರದ ತಂತಿಯಿಂದ ಹೊಲಿದರೆ ದೋಣಿ ತಾನಾಗಿ ಆಕಾರಕ್ಕೆ ನಿಲ್ಲುತ್ತದೆ. ಒಳಗಿನಿಂದ ಸಂದಿಗೆ ಎಪಾಕ್ಸಿ ಅಂಟಿನ ಗಾರೆ ತುಂಬಿ, ಮೇಲೆ ಗಾಜಿನ ನಾರಿನ ಪಟ್ಟಿ ಹಾಕಿ, ಒಣಗಿದ ಮೇಲೆ ತಂತಿ ಕತ್ತರಿಸಿ ತೆಗೆಯುವುದು. ಇಂಗ್ಲೆಂಡಿನಲ್ಲಿ 1960ರ ದಶಕದ ಆರಂಭದಲ್ಲಿ ಒಂದು ದಿನಪತ್ರಿಕೆ ತನ್ನ ಓದುಗರು ಮನೆಯಲ್ಲೇ ಕಟ್ಟಿಕೊಳ್ಳಲಿ ಎಂದು 'ಮಿರರ್' ಹೆಸರಿನ ದೋಣಿ ತಂದಿತು. ಹತ್ತು ಅಡಿ ಹತ್ತು ಇಂಚಿನ ಆ ದೋಣಿ ಇದೇ ಹೊಲಿಗೆಯದು. ಹತ್ತಾರು ಸಾವಿರ ಜನ ಕಾರ್ ಶೆಡ್ಡಿನಲ್ಲಿ ಕಟ್ಟಿದರು. ಅವರಲ್ಲಿ ಹೆಚ್ಚಿನವರಿಗೆ ಬಾಗಿಲು ಮಾಡಲೂ ಬರುತ್ತಿರಲಿಲ್ಲ. ನಿಮ್ಮ ಆಚಾರಿ ಅವರಿಗಿಂತ ನೂರು ಪಾಲು ಮೇಲು.

ಪ್ಲೈವುಡ್ ಕೊಳ್ಳುವಾಗ ಮೋಸ ಹೋಗುವುದು ಸುಲಭ. ಅಂಗಡಿಯಲ್ಲಿ "ವಾಟರ್‌ಪ್ರೂಫ್" ಅಂತ ಕೊಡುವುದು ಹೆಚ್ಚಾಗಿ ಐಎಸ್ 303 ಎಂಬ ಭಾರತೀಯ ಮಾನಕದ್ದು. ನಿಮಗೆ ಬೇಕಾದದ್ದು ಐಎಸ್ 710, ಮರೈನ್ ಪ್ಲೈವುಡ್ಡಿನ ಮಾನಕ. ಶೀಟಿನ ಮೇಲೆ ಆ ಅಂಕಿಯ ಮುದ್ರೆ ಇರಬೇಕು. ಮುದ್ರೆ ಇದ್ದರೂ ನನಗೆ ನಂಬಿಕೆ ಕಮ್ಮಿ. ಅಂಗೈ ಅಗಲದ ತುಂಡು ಕೊಯ್ದು ನಿಮ್ಮ ಬಚ್ಚಲುಮನೆಯ ಹಂಡೆಗೆ ಹಾಕಿ, ಮೂರು ದಿನ ಬಿಡಿ. ಪರೀಕ್ಷೆಯ ನಿಯಮವೂ 72 ಗಂಟೆ ಕುದಿಸುವುದೇ. ಹೊರಗೆ ತೆಗೆದು ಒಣಗಿಸಿ, ಉಳಿ ಹಾಕಿ ಎಬ್ಬಿಸಿ ನೋಡಿ. ಪದರ ಪುಸ್ತಕದ ಹಾಳೆಯಂತೆ ಬಿಚ್ಚಿದರೆ ಅದು ಅಡುಗೆಮನೆ ಕಪಾಟಿಗೆ ಇರಲಿ. ಕೊಯ್ದ ಅಂಚಿನಲ್ಲಿ ಒಳಪದರದ ನಡುವೆ ಟೊಳ್ಳು ಕಂಡರೂ ಬೇಡ. ದೋಣಿಯ ತಳ ಬಾಗಿಸುವಾಗ ಸರಿಯಾಗಿ ಅಲ್ಲೇ ಮುರಿಯುತ್ತದೆ.

ಎಪಾಕ್ಸಿಗೆ ಮಳೆಗಾಲ ಆಗದು. ಹವೆಯಲ್ಲಿ ತೇವ ಜಾಸ್ತಿ ಇದ್ದರೆ ಒಣಗಿದ ಅಂಟಿನ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ನೀರಲ್ಲಿ ತೊಳೆದು ಉಜ್ಜದೆ ಮುಂದಿನ ಪದರ ಬಳಿದರೆ ಹಿಡಿಯುವುದಿಲ್ಲ. ಏಪ್ರಿಲ್ ಸೆಕೆಯಲ್ಲಿ ಬೇರೆ ಪಾಡು. ಡಬ್ಬಿಯಲ್ಲಿ ಕಲಸಿಟ್ಟ ಅಂಟು ಹತ್ತು ನಿಮಿಷದಲ್ಲಿ ಬಿಸಿಯಾಗಿ ಹೊಗೆಯೇಳುತ್ತದೆ. ನವೆಂಬರಿನಿಂದ ಫೆಬ್ರವರಿಯೊಳಗೆ, ಶಿರಸಿಯಲ್ಲೇ ಕಟ್ಟಿಸಿ. ಕೈಗೆ ಗವಸು ಬೇಕೇ ಬೇಕು. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ಅಂಚಿಗೆ ಮೂರು ಸಲ, ತೂತುಗಳ ಒಳಗೂ ಬಳಿಯಿರಿ. ಎಪಾಕ್ಸಿ ಬಿಸಿಲಿಗೆ ಹಾಳಾಗುತ್ತದೆ, ಮೇಲೆ ಬಣ್ಣ ಬೇಕು. ಯಾವ ಬಣ್ಣ ಅಂತ ಮಾತ್ರ ನನ್ನನ್ನು ಕೇಳಬೇಡಿ. ಬಿಳಿ ಮೀನಿಗೆ ಇಷ್ಟ, ನೀಲಿ ದೇವರಿಗೆ ಇಷ್ಟ ಎಂದು ಇಲ್ಲಿ ದಡದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಬಿಳಿ ಮಸುಕಿದರೆ ಗೊತ್ತಾಗುವುದಿಲ್ಲ, ನಾನು ಅದನ್ನೇ ಹಚ್ಚುತ್ತೇನೆ.

ಈಗ ಆಕಾರ. ಪಾತಿ ದೋಣಿ ಹುಟ್ಟು ಹಾಕಲು ಹುಟ್ಟಿದ್ದು. ಸಪೂರ, ಉದ್ದ, ನೀರು ಸೀಳಿಕೊಂಡು ಹೋಗುತ್ತದೆ. ಅದರ ಮೇಲೆ ಹಾಯಿ ನಿಲ್ಲಿಸಿದರೆ ಮೊದಲ ಗಾಳಿಗೇ ಮಗ್ಗುಲು ಮಲಗುತ್ತದೆ. ಹಿಂದಿನವರು ಹಾಯಿ ಕಟ್ಟಿದಾಗ ಪಕ್ಕಕ್ಕೆ ತೇಲುಮರ ಕಟ್ಟಿ ತೂಕ ನಿಲ್ಲಿಸುತ್ತಿದ್ದರು. ಅದು ದೋಣಿಯಲ್ಲೇ ಬೆಳೆದವರ ವಿದ್ಯೆ. ನಿಮಗೆ ನಡುವಿನಲ್ಲಿ ನಾಲ್ಕೂಮುಕ್ಕಾಲು ಅಡಿಯಾದರೂ ಅಗಲ ಇರಲಿ, ತಳ ಹೆಚ್ಚುಕಮ್ಮಿ ಚಪ್ಪಟೆ ಇರಲಿ.

ಹಾಯಿದೋಣಿಗೂ ಉಳಿದ ದೋಣಿಗೂ ಮುಖ್ಯ ವ್ಯತ್ಯಾಸ ನೀರಿನ ಕೆಳಗಿದೆ. ಗಾಳಿ ಪಕ್ಕದಿಂದ ತಳ್ಳಿದಾಗ ದೋಣಿ ಏಡಿಯ ಹಾಗೆ ಅಡ್ಡ ಜಾರದಂತೆ ಹಿಡಿಯಲು ಒಂದು ನಡುಹಲಗೆ ಬೇಕು, ಸೆಂಟರ್‌ಬೋರ್ಡ್ ಎನ್ನುತ್ತಾರೆ. ಅದಿದ್ದರೆ ಮಾತ್ರ ಗಾಳಿ ಬರುವ ದಿಕ್ಕಿಗೂ ಓರೆಯಾಗಿ, ಅಡ್ಡಡ್ಡ ಹಾದು ಮೇಲೇರಬಹುದು. ಕಾಳಿಯಲ್ಲಿ ಮರಳುದಿಣ್ಣೆ ಇದ್ದಕ್ಕಿದ್ದಂತೆ ಸಿಗುತ್ತದೆ. ನೇರ ಕೆಳಗೆ ತೂರಿಸುವ ಹಲಗೆ ದಿಣ್ಣೆಗೆ ಬಡಿದರೆ, ಅದು ಇಳಿಯಲೆಂದು ದೋಣಿಯ ತಳದಲ್ಲಿ ಮಾಡಿದ ಪೆಟ್ಟಿಗೆಯೇ ಸೀಳುತ್ತದೆ. ಕೀಲಿನ ಮೇಲೆ ತಿರುಗಿ ತಾನೇ ಮೇಲೆ ಮಡಚಿಕೊಳ್ಳುವಂಥದ್ದು ಮಾಡಿಸಿ. ಚುಕ್ಕಾಣಿಯ ಅಲಗೂ ಹಾಗೇ ಮಡಚಲಿ. ದೋಣಿ ಸೋರುವುದಿದ್ದರೆ ಈ ಪೆಟ್ಟಿಗೆಯ ಬುಡದಲ್ಲೇ ಸೋರುವುದು, ಆಚಾರಿಯ ಪಕ್ಕ ನೀವೇ ಕೂತು ಕೆಲಸ ನೋಡಬೇಕಾದದ್ದು ಇದೊಂದೇ ಜಾಗ.

ಹಾಯಿ ನಾಲ್ಕು ಮೂಲೆಯದು ಇರಲಿ, ಎಂಬತ್ತು ಚದರ ಅಡಿ ಸಾಕು. ಆಗ ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ಗಿಡ್ಡ ಇರುತ್ತದೆ, ಕಳಚಿದರೆ ದೋಣಿಯೊಳಗೇ ಮಲಗುತ್ತದೆ. ಹಾಯಿಯ ಮೇಲಂಚಿನ ಗಳುವಿಗೆ ನಿಮ್ಮೂರ ಬಿದಿರು ಬಹಳ ಒಳ್ಳೆಯದು. ಕಾರವಾರದ ಕಡಲ ದಂಡೆಯ ಗಾಳಿಮರದ ಕಂಬ ಸುಲಭಕ್ಕೆ ಸಿಗುತ್ತದೆ ಎಂದು ಕೂವೆಗೆ ಹಾಕಬೇಡಿ. ಅದು ಭಾರ, ಒಣಗುತ್ತಾ ಸೀಳುತ್ತದೆ. ಮೊದಲ ವರ್ಷ ಅಡಿಕೆ ಒಣಗಿಸುವ ತಾಡಪಾಲನ್ನೇ ಕತ್ತರಿಸಿ ಹಾಯಿ ಮಾಡಿ. ಹರಿದರೆ ದುಃಖವಿಲ್ಲ. ಹಾಯಿಯ ಕೆಳಭಾಗ ಮಡಚಿ ಕಟ್ಟಲು ಒಂದು ಸಾಲು ದಾರ ಹೊಲಿಸುವುದನ್ನು ಮಾತ್ರ ಮರೆಯಬೇಡಿ. ಗಾಳಿ ಜೋರಾದಾಗ ಹಾಯಿ ಸಣ್ಣ ಮಾಡಲು ಅದೇ ದಾರಿ.

ದೋಣಿಗಿಂತ ಕಷ್ಟ ನೀರು. ಚಳಿಗಾಲದಲ್ಲಿ ಕಾರವಾರದ ಗಾಳಿಗೆ ಒಂದು ದಿನಚರಿ ಇದೆ. ಬೆಳಗ್ಗೆ ನೆಲದಿಂದ ಮೂಡುಗಾಳಿ, ಮೆಲ್ಲಗೆ. ಹತ್ತು ಹನ್ನೊಂದಕ್ಕೆ ಅದು ಸತ್ತು, ಮಧ್ಯಾಹ್ನದಿಂದ ಕಡಲಿನ ಪಡುಗಾಳಿ ಏಳುತ್ತದೆ. ಮೂರು ನಾಲ್ಕು ಗಂಟೆಗೆ ಜೋರು, ಸೂರ್ಯ ಮುಳುಗುವಾಗ ಮತ್ತೆ ನಿಲ್ಲುತ್ತದೆ. ಸಂಜೆ ನೀವು ಸದಾಶಿವಗಡದಿಂದ ಹೊರಟರೆ ಈ ಗಾಳಿ ಬೆನ್ನಿಗೆ ಬಿದ್ದು, ಮೇಲೆ ಕಡವಾಡದ ಕಡೆಗೆ ಹಾಯಾಗಿ ಕರೆದೊಯ್ಯುತ್ತದೆ. ಹೊಸಬರು ಮೋಸ ಹೋಗುವುದು ಇಲ್ಲೇ. ಬೆನ್ನಿಗೆ ಗಾಳಿ ಇದ್ದಾಗ ಅದು ಗೊತ್ತಾಗುವುದೇ ಇಲ್ಲ. ತಿರುಗಿ ಬರುವಾಗ ಅದೇ ಗಾಳಿ ಎದೆಗೆ, ಅದೂ ಸಾಯುತ್ತಿರುವ ಗಾಳಿ.

ಅದಕ್ಕೆ ಮದ್ದು ನೀರಿನ ಏರಿಳಿತ. ಭರತಿ ಸಂಜೆ ನಾಲ್ಕೂವರೆ, ಐದರ ಹೊತ್ತಿಗೆ ತುಂಬುವ ದಿನ ಆರಿಸಿ. ಎರಡೂವರೆ ಮೂರಕ್ಕೆ ಹೊರಟರೆ ಗಾಳಿಯೂ ನೀರೂ ಮೇಲಕ್ಕೆ ಒಯ್ಯುತ್ತವೆ. ಭರತಿ ತುಂಬಿ ನಿಂತಾಗ ತಿರುಗಿ. ಅಲ್ಲಿಂದ ಇಳಿತದ ನೀರು ನಿಮ್ಮನ್ನು ಮನೆ ಕಡೆ ಎಳೆಯುತ್ತದೆ, ಎದುರುಗಾಳಿಯಲ್ಲಿ ಅಡ್ಡಡ್ಡ ಹಾಯುವುದು ಸುಲಭವಾಗುತ್ತದೆ. ಗಾಳಿ ಪೂರ್ತಿ ಸತ್ತರೂ ಎರಡು ಹುಟ್ಟು ಸಾಕು. ಇಂಥ ಭರತಿ ಸಾಮಾನ್ಯವಾಗಿ ಅಷ್ಟಮಿ ಆಸುಪಾಸಿನ ದಿನಗಳಲ್ಲಿ ಸಿಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಿಂತ ಆಗ ಸೆಳೆತವೂ ಕಮ್ಮಿ. ಪಂಚಾಂಗ ನೋಡುವ ಮನೆಯವರಿಗೆ ಇದೇನು ಕಷ್ಟ? ದಿನಕ್ಕೆ ಸುಮಾರು ಐವತ್ತು ನಿಮಿಷ ಭರತಿ ಮುಂದೆ ಹೋಗುತ್ತದೆ ಅನ್ನುವುದು ನೆನಪಿರಲಿ. ಖಚಿತ ಹೊತ್ತಿಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಭರತಿ, ಅಲೆ, ಗಾಳಿಯ ಮುನ್ಸೂಚನೆ ದಿನಾ ಕೊಡುತ್ತದೆ.

ಇಳಿತದಲ್ಲಿ ಮನೆ ದಾಟಿ ಕೆಳಗೆ ಹೋಗಬೇಡಿ. ಇಷ್ಟು ಉದ್ದ ಬರೆದದ್ದರಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ಇಡಿ. ಕಾಳಿಯ ಅಳಿವೆಯಲ್ಲಿ ಇಳಿತದ ನೀರು ಕಡಲಿಗೆ ನುಗ್ಗುತ್ತದೆ, ಪಡುಗಾಳಿ ಅದಕ್ಕೆ ಎದುರು ಬೀಸುತ್ತದೆ. ಎರಡೂ ಡಿಕ್ಕಿ ಹೊಡೆದಲ್ಲಿ ನೀರು ಗಿಡ್ಡ, ಕಡಿದಾದ ಅಲೆಯಾಗಿ ನಿಲ್ಲುತ್ತದೆ. ದಡದಿಂದ ನೋಡಿದರೆ ಸುಮ್ನೆ ಬಿಳಿ ನೊರೆ. ಹನ್ನೆರಡು ಅಡಿಯ ದೋಣಿಯಲ್ಲಿ ಕೂತರೆ ಎರಡು ಅಲೆಗೆ ಒಳಗೆ ಮೊಣಕಾಲು ನೀರು. ಸೇತುವೆ ಕಂಬಗಳ ಹತ್ತಿರ ಸೆಳೆತ ಸುತ್ತುತ್ತದೆ, ಅಲ್ಲಿಗೂ ಬೇಡ. ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದ ಜಾಗವನ್ನಂತೂ ದೂರದಿಂದಲೇ ನೋಡಿ.

ರವೀಂದ್ರನಾಥ ಠಾಕೂರರು ಹರೆಯದಲ್ಲಿ ಕಾರವಾರಕ್ಕೆ ಬಂದದ್ದು ನಿಮಗೆ ಗೊತ್ತಿರಬೇಕು, ಅಣ್ಣ ಇಲ್ಲಿ ಜಡ್ಜ್ ಆಗಿದ್ದರು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋಗಿ ಬಂದದ್ದನ್ನು ಅವರು ಬರೆದಿದ್ದಾರೆ. ಆ ಬರಹದಲ್ಲಿ ಬೆಳದಿಂಗಳನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಮೆಚ್ಚುಗೆಯಾದದ್ದು ಬೇರೆ. ಅಳಿವೆ ಮುಟ್ಟುವಾಗ ತಡವಾಗಿತ್ತು, ಅದಕ್ಕೆ ಕಡಲ ಮೇಲೆ ಮರಳದೆ ದೋಣಿ ಅಲ್ಲೇ ಬಿಟ್ಟು, ಮರಳ ಮೇಲೆ ನಡೆದು ಮನೆ ಸೇರಿದರು. ಜೊತೆಗಿದ್ದ ಅಂಬಿಗನೇ ಹಾಗೆ ಹೇಳಿರಬೇಕು ಅಂತ ನನ್ನ ಊಹೆ.

ಕಡಲಿಗೆ, ದ್ವೀಪಗಳ ಕಡೆಗೆ ಹೋಗುವ ಆಸೆ ಮೊದಲ ಎರಡು ವರ್ಷ ಬೇಡ. ದಕ್ಷಿಣಕ್ಕೆ ಅಂಜುದೀವು, ಅರ್ಗಾ ಕಡೆ ನೌಕಾಪಡೆಯ ನೀರು, ಅಲ್ಲಿ ಯಾವತ್ತೂ ಬೇಡ. ಇಂಜಿನ್ ಇಲ್ಲದಿದ್ದರೂ ದೋಣಿ ನೀರಿಗೆ ಇಳಿಸುವ ಮೊದಲು ಕಾರವಾರದ ಬಂದರು ಕಚೇರಿಯಲ್ಲಿ ಕೇಳಿ, ಏನು ದಾಖಲೆ ಬೇಕೋ ಮಾಡಿಸಿ. ಕರಾವಳಿ ಪೊಲೀಸರ 1093, ಕೋಸ್ಟ್ ಗಾರ್ಡ್‌ನ 1554, ಈ ಎರಡು ನಂಬರು ಫೋನಿನಲ್ಲಿರಲಿ. ಫೋನು ಪ್ಲಾಸ್ಟಿಕ್ ಚೀಲದಲ್ಲಿರಲಿ. ಮಳೆಗಾಲದಲ್ಲಿ ದೋಣಿ ಶಿರಸಿಯಲ್ಲೇ ಇರಲಿ. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕಾಳಿ ಬೇರೆಯೇ ನದಿ.

ಈಜು ಬಾರದ ನಿಮ್ಮ ಹೆಂಡತಿ ಬರಬಹುದು, ಆದರೆ ಮೊದಲ ತಿಂಗಳು ಬೇಡ. ಆ ತಿಂಗಳಲ್ಲಿ ನೀವು ಎದೆಮಟ್ಟ ನೀರಿನಲ್ಲಿ, ಒಬ್ಬ ಈಜುಗಾರನನ್ನು ಜೊತೆಗಿಟ್ಟುಕೊಂಡು, ಬೇಕೆಂದೇ ದೋಣಿ ಮಗುಚಿ. ಮತ್ತೆ ನಿಲ್ಲಿಸಿ, ಹತ್ತಿ, ನೀರು ಚೆಲ್ಲಿ. ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸವಾಗಲಿ. ಇದಕ್ಕೆ ದೋಣಿ ಮುಳುಗಬಾರದು. ಮುಂದೆ ಹಿಂದೆ ಕೂರುವ ಹಲಗೆಯ ಕೆಳಗೆ ಗಾಳಿ ಹೋಗದಂತೆ ಪೆಟ್ಟಿಗೆ ಮಾಡಿಸಿ, ಒಳಗೆ ಥರ್ಮೋಕೋಲ್ ತುಂಬಿಸಿ. ಆಮೇಲೆ ಅವರನ್ನೂ ಲೈಫ್ ಜಾಕೆಟ್ ಹಾಕಿಸಿ ಅದೇ ನೀರಿನಲ್ಲಿ ಒಂದು ಸಲ ಬೀಳಿಸಿ. ಜಾಕೆಟ್ ತೇಲಿಸುತ್ತದೆ ಅಂತ ಮೈಗೆ ಗೊತ್ತಾದರೆ ನಿಜವಾಗಿ ಬಿದ್ದ ದಿನ ಕೈ ಬಡಿಯುವುದಿಲ್ಲ.

ಮೂವರ ಮೇಲೆ ಯಾರನ್ನೂ ಹತ್ತಿಸಬೇಡಿ, ನೆಂಟರು ಮುನಿಸಿಕೊಂಡರೂ ಸರಿ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ 16 ಜನ ಹೋದರು. ನಾವು ಕಾರವಾರದವರು ಈಗಲೂ ದೋಣಿ ಹತ್ತುವಾಗ ತಲೆ ಎಣಿಸುತ್ತೇವೆ.

ಜಾಕೆಟ್ ತರುವಾಗ ಎರಡಲ್ಲ, ಮೂರು ತನ್ನಿ. ಮೂರನೆಯದು ಮಕ್ಕಳ ಅಳತೆಯದು, ಕಾಲಸಂದಿಯಲ್ಲಿ ಪಟ್ಟಿ ಇರುವಂಥದ್ದು. ದೋಣಿ ಇದೆ ಅಂತ ಗೊತ್ತಾದರೆ ರಜೆಗೆ ಬಂದ ಮಕ್ಕಳು ನಿಮ್ಮನ್ನು ದಡದಲ್ಲಿ ಬಿಡುವುದಿಲ್ಲ. ಪಟ್ಟಿ ಇಲ್ಲದ ಜಾಕೆಟ್ ನೀರಿಗೆ ಬಿದ್ದಾಗ ಮಗುವಿನ ತಲೆಯ ಮೇಲಿಂದ ಕಳಚಿಬರುತ್ತದೆ.